ಒಂದು ಹನಿ ಕೇಳಿದರೆ ಹತ್ತು ಹನಿ ಕೊಡುವ ಬಾಟಲಿ: ಏರ್‌ಗನ್‌ಗೆ ಸಿಲಿಕೋನ್ ಎಣ್ಣೆ, ಮೂರು ಮಳೆಗಾಲದ ನಂತರ

ಈ ಬಾಟಲಿಗೆ ಮೂತಿ ಮಾಡಿದವರು ಒಂದು ಸಲವೂ ಏರ್‌ಗನ್‌ಗೆ ಎಣ್ಣೆ ಬಿಟ್ಟಿರಲಿಕ್ಕಿಲ್ಲ. ಬೇಕಾಗುವುದು ಒಂದೇ ಹನಿ. ಮೆಲ್ಲಗೆ ಒತ್ತಿದರೆ ಏನೂ ಬರುವುದಿಲ್ಲ. ಇನ್ನೊಂದು ಚೂರು ಒತ್ತಿದರೆ ಗಳಗಳ ಅಂತ ಹತ್ತು ಹನಿ. 50 ಮಿ.ಲೀ. ಬಾಟಲಿ, ನಾನು ತೆಗೆದುಕೊಂಡಾಗ 280 ರೂಪಾಯಿ. ಮೂರು ವರ್ಷ ಆದರೂ ಇನ್ನೂ ಅರ್ಧ ಇದೆ. ಚೆಲ್ಲದೇ ಇದ್ದಿದ್ದರೆ ಮುಕ್ಕಾಲು ಇರುತ್ತಿತ್ತು.

ನನ್ನದು ಬ್ಯಾರಲ್ ಮಡಚಿ ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕುವ ಸ್ಪ್ರಿಂಗ್ ಗನ್, 4.5 ಮಿ.ಮೀ. ಕೊಡಗಿನ ನಾಪೋಕ್ಲು ಕಡೆ ತೋಟದ ಮನೆ. ಕಾಫಿ ಒಣಗಿಸುವ ಕಣದ ಆ ತುದಿಯಲ್ಲಿ ಹಳೇ ಡಬ್ಬ ಸಾಲಾಗಿ ಇಟ್ಟು ಸಂಜೆ ಇಪ್ಪತ್ತು ಮೂವತ್ತು ಸಲ ಹೊಡೆಯುತ್ತೇನೆ, ಅಷ್ಟೇ. ಹಕ್ಕಿ, ಅಳಿಲಿನ ಕಡೆ ತಿರುಗಿಸುವುದಿಲ್ಲ.

ಸಿಲಿಕೋನ್ ಎಣ್ಣೆಗೆ ಬಂದದ್ದು ಪೆಟ್ಟು ತಿಂದ ಮೇಲೆ. ಮೊದಲು ನಾನು ಹಾಕುತ್ತಿದ್ದದ್ದು ಹೊಲಿಗೆ ಮಿಷನ್ನಿನ ಎಣ್ಣೆ. ಒಂದು ದಿನ ಗಾಳಿ ಹೋಗುವ ತೂತಿಗೆ ಧಾರಾಳವಾಗಿ ಬಿಟ್ಟೆ. ಮೊದಲ ಹೊಡೆತಕ್ಕೇ ‘ಢಂ’ ಅಂತು. ಬ್ಯಾರಲ್ ಬಾಯಿಂದ ನೀಲಿ ಹೊಗೆ. ಕಣದಲ್ಲಿ ಮಲಗಿದ್ದ ನಾಯಿ ಎದ್ದು ಕೊಟ್ಟಿಗೆ ಹಿಂದೆ ಓಡಿತು. ಅಕ್ಕನ ಮಗ ಮಾತ್ರ ಖುಷಿಯಾಗಿ, ‘ಮಾಮ, ಪವರ್ ಡಬಲ್ ಆಯ್ತು!’ ಅಂದ. ಡಬ್ಬ ಆಚೆ ಈಚೆ ತೂತಾಗಿದ್ದು ನಿಜ. ನನಗೂ ಒಳಗೊಳಗೇ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ.

ಅದು ಪವರ್ ಅಲ್ಲ, ಡೀಸಲಿಂಗ್. ಸ್ಪ್ರಿಂಗ್ ತಳ್ಳಿದ ಪಿಸ್ಟನ್ ರಪ್ಪಂತ ಮುಂದೆ ಬಂದಾಗ ಎದುರಿನ ಗಾಳಿ ಒಂದೇ ಸಲ ಅಮುಕಿ ಕಾದು ಹೋಗುತ್ತದೆ. ಆ ಬಿಸಿಗೆ ಪೆಟ್ರೋಲಿಯಂ ಎಣ್ಣೆಯ ಆವಿ ಹೊತ್ತಿಕೊಳ್ಳುತ್ತದೆ. ಡೀಸಲ್ ಎಂಜಿನ್ ಓಡುವುದೂ ಹೀಗೆಯೇ, ಅಲ್ವಾ? ಒಂದು ತಿಂಗಳಲ್ಲಿ ನನ್ನ ಗನ್ನಿನಲ್ಲಿ ಗಾಳಿ ಸೋರದಂತೆ ತಡೆಯುವ ಪಿಸ್ಟನ್ ಸೀಲು ಸುಟ್ಟು ಕರಿಯಾಯಿತು. ಆಮೇಲೆ ಪೆಲೆಟ್ ಡಬ್ಬಕ್ಕೆ ತಾಗಿ ಟಿಣ್ ಅಂತ ಕೆಳಗೆ ಬೀಳುತ್ತಿತ್ತು.

ಸಿಲಿಕೋನ್ ಎಣ್ಣೆ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಹೊಸ ಸೀಲು ಹಾಕಿಸಿ ಮೂರು ವರ್ಷವಾಯಿತು, ಇವತ್ತಿಗೂ ಗಟ್ಟಿಯಾಗಿದೆ. ಆ ಲೆಕ್ಕದಲ್ಲಿ 280 ರೂಪಾಯಿಗೆ ಮೋಸ ಇಲ್ಲ. ಹಳೇ ಗನ್ನುಗಳ ತೊಗಲಿನ ಸೀಲಿನ ಕಥೆ ಬೇರೆ. ತೊಗಲು ಎಣ್ಣೆ ಕುಡಿಯುತ್ತಲೇ ಇರಬೇಕು, ಒಣಗಿದರೆ ಗಾಳಿ ಸೋರುತ್ತದೆ. ನಾನು ಹೇಳುತ್ತಿರುವುದು ಈಗಿನ ಸಿಂಥೆಟಿಕ್ ಸೀಲಿನ ಬಗ್ಗೆ.

ನಮ್ಮಪ್ಪನ ಪ್ರಕಾರ ಇಷ್ಟೆಲ್ಲ ತಲೆಬಿಸಿಯೇ ಬೇಡ, ಕೊಬ್ಬರಿ ಎಣ್ಣೆ ಇದೆಯಲ್ಲ. ಬಾಗಿಲ ಬಿಜಾಗರಿಗೂ ಅದೇ, ಕತ್ತಿಗೂ ಅದೇ, ತಲೆಗೂ ಅದೇ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಮನೆಯಲ್ಲಿ ಅದನ್ನು ಚಮಚದಲ್ಲಿ ಕೆರೆದು ತೆಗೆಯಬೇಕು. ಟ್ರಿಗರ್ ಒಳಗೆ ಹಾಗೆ ಹೆಪ್ಪುಗಟ್ಟಿದರೆ ಏನು ಗತಿ?

ಕ್ಲೀನ್ ಮಾಡುವ ಕೆಲಸ ಮಾತ್ರ ನನಗೆ ಬಹಳ ಇಷ್ಟ. ತಿಂಗಳಿಗೊಂದು ಭಾನುವಾರ, ಕಾಫಿ ಕುಡಿದಾದ ಮೇಲೆ, ಜಗಲಿಯಲ್ಲಿ ಗೋಣಿ ಹಾಸಿಕೊಂಡು ಕೂರುತ್ತೇನೆ. ಅಂಗಡಿಯ ಕ್ಲೀನಿಂಗ್ ಕಿಟ್ ನಾನು ಕೊಳ್ಳಲಿಲ್ಲ. ಕಳೆ ಹೊಡೆಯುವ ಮಿಷನ್ನಿನ 2.4 ಮಿ.ಮೀ. ನೈಲಾನ್ ದಾರ ತೋಟದ ಮನೆಯಲ್ಲಿ ಇದ್ದೇ ಇರುತ್ತದೆ. ಮೊಳ ಎರಡು ಕತ್ತರಿಸಿ, ಒಂದು ತುದಿಯನ್ನು ಬ್ಲೇಡಿನಲ್ಲಿ ಸೀಳಿ, ಹಳೇ ಪಂಚೆಯ ಬಟ್ಟೆಯನ್ನು ಉಗುರಗಲ ಹರಿದು ಸಿಕ್ಕಿಸುವುದು. ಇನ್ನೊಂದು ತುದಿಯನ್ನು ಪೆಲೆಟ್ ಹಾಕುವ ಕಡೆಯಿಂದ ತೂರಿಸಿ, ಬ್ಯಾರಲ್ ಬಾಯಿಂದ ಮೆಲ್ಲಗೆ ಎಳೆಯಬೇಕು. ಮೊದಲ ಬಟ್ಟೆ ಸೀಸದ ಕಪ್ಪು, ಎರಡನೆಯದು ಬೂದಿ, ಮೂರನೆಯದು ಹೆಚ್ಚುಕಮ್ಮಿ ಬಿಳಿ. ಆ ಮೂರನೇ ಬಟ್ಟೆ ಹೊರಗೆ ಬರುವಾಗಿನ ಸಮಾಧಾನ ಬೇರೆಯೇ. ಸೀಸ ಅಂತ ಗೊತ್ತಿದ್ದರೂ ಬರಿಗೈಯಲ್ಲೇ ಮುಟ್ಟುತ್ತೇನೆ, ಮನೆಯವಳು ಸೋಪು ಹಿಡಿದು ಕಾಯುತ್ತಾಳೆ.

ಏರ್‌ಗನ್ನಿನಲ್ಲಿ ಮದ್ದು ಸುಡುವುದಿಲ್ಲ. ಅಜ್ಜನ ಕೇಪಿನ ಕೋವಿಯಾದರೆ ಹೊಡೆದ ದಿನವೇ ಬಿಸಿನೀರು ಹೊಯ್ದು ತೊಳೆಯಬೇಕಿತ್ತು, ಇಲ್ಲದಿದ್ದರೆ ಮದ್ದಿನ ಮಸಿ ತೇವ ಎಳೆದು ನಳಿಗೆಯನ್ನೇ ತಿಂದುಬಿಡುತ್ತಿತ್ತು. ಇಲ್ಲಿ ಅದರ ಗೋಜಿಲ್ಲ. ಆದ್ದರಿಂದ ದೊಡ್ಡ ಕೋವಿಗೆ ಬಳಸುವ ಕ್ಲೀನರ್ ದ್ರಾವಣ ತಂದು ಸುರಿಯಬೇಡಿ. ಅದರಲ್ಲಿ ಕೆಲವು ರಬ್ಬರ್ ಸೀಲನ್ನು ಹಾಳು ಮಾಡುತ್ತವೆ. ತಂತಿ ಬ್ರಷ್ ಕೂಡ ಬೇಡ. ಕ್ಲೀನ್ ಮಾಡಿದ ಮೇಲೆ ಮೊದಲ ಹತ್ತಿಪ್ಪತ್ತು ಪೆಲೆಟ್ ಎಲ್ಲೆಲ್ಲೋ ಹೋಗುತ್ತವೆ, ಗಾಬರಿ ಬೇಡ.

ನಾನು ಮಾಡಿದ ಇನ್ನೊಂದು ತಪ್ಪು, ಸಿಲಿಕೋನ್ ಒಳ್ಳೆಯದು ಅಂತ ಎಲ್ಲದಕ್ಕೂ ಹಾಕಿದ್ದು. ಸ್ಪ್ರಿಂಗ್‌ಗೂ ಬಿಟ್ಟೆ. ಲೋಹಕ್ಕೆ ಲೋಹ ಉಜ್ಜುವ ಕಡೆ ಇದು ಪ್ರಯೋಜನಕ್ಕಿಲ್ಲ. ಸೀಲು ಹಾಕಿಸಿ ಆರು ತಿಂಗಳಿಗೆ ಮತ್ತೆ ಬಿಚ್ಚಿಸಿದಾಗ ಪಿಸ್ಟನ್ ಮೈಮೇಲೆ ಗೀರು. ಅಲ್ಲಿಗೆ ಬೇಕಾದದ್ದು ಮಾಲಿಬ್ಡಿನಂ ಇರುವ ಕರಿ ಗ್ರೀಸು. ಕಾರಿನ ಆಕ್ಸಲ್ ಜಾಯಿಂಟ್‌ಗೆ ಹಾಕುವ ಗ್ರೀಸನ್ನೇ ವಿರಾಜಪೇಟೆಯಿಂದ ತಂದು, ಸೀಲಿನ ಹಿಂದೆ ಮಾತ್ರ, ತೆಳ್ಳಗೆ ಸವರಿಸಿದೆ. ಸ್ಪ್ರಿಂಗ್‌ಗೆ ಅಂಟಂಟಾದ ದಪ್ಪ ಗ್ರೀಸು. ಹೊಡೆದಾಗ ತಂಬೂರಿ ತಂತಿ ಮೀಟಿದ ಹಾಗೆ ‘ಟೊಂಯ್’ ಅನ್ನುತ್ತಿದ್ದ ಸದ್ದು ಹೋಗಿ ಬರೀ ‘ಠಪ್’ ಉಳಿಯಿತು. ನಾಯಿ ಈಗ ಕಣದಲ್ಲೇ ಮಲಗಿರುತ್ತದೆ. ಸ್ಪ್ರಿಂಗ್ ಮಾತ್ರ ಬರಿಗೈಯಲ್ಲಿ ಬಿಚ್ಚಲು ಹೋಗಬೇಡಿ. ಅದು ಒಳಗೆ ಅಮುಕಿಕೊಂಡೇ ಕೂತಿರುತ್ತದೆ, ಮುಖಕ್ಕೆ ಹಾರುತ್ತದೆ.

ಗಾಳಿ ತುಂಬಿಸಿಡುವ ಪಿಸಿಪಿ ಗನ್ ಇರುವವರಿಗೆ ಸಿಲಿಕೋನ್ ಬಿಟ್ಟು ಬೇರೆ ದಾರಿ ಹುಡುಕಬೇಡಿ ಅನ್ನುತ್ತೇನೆ. 200 ಬಾರ್ ಆಸುಪಾಸಿನ ಒತ್ತಡದ ಗಾಳಿಯೊಳಗೆ ಪೆಟ್ರೋಲಿಯಂ ಎಣ್ಣೆ ಸೇರಿದರೆ ಆಟ ಅಲ್ಲ.

ಇನ್ನು ನನ್ನ ದೊಡ್ಡ ಬೇಜಾರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಸ್ಟು, ಬೆಲ್ಟಿಗೂ ಬೂಸ್ಟು. ಬೆವರಿನ ಕೈ ತಾಗಿದ ಕಬ್ಬಿಣದ ಮೇಲೆ ಬೆಳಗಾಗುವಷ್ಟರಲ್ಲಿ ಬೆರಳಚ್ಚಿನ ಆಕಾರಕ್ಕೇ ತುಕ್ಕು. ಅದಕ್ಕೆ ಹೆದರಿ, ಬಾಟಲಿ ಚೆಲ್ಲಿದಾಗೆಲ್ಲ ‘ವೇಸ್ಟ್ ಯಾಕೆ’ ಅಂತ ಅದೇ ಬಟ್ಟೆಯಲ್ಲಿ ಇಡೀ ಗನ್ ಒರೆಸುತ್ತಿದ್ದೆ, ಮರದ ಹಿಡಿಯನ್ನೂ ಸೇರಿಸಿ. ಹೋದ ವರ್ಷ ಹಿಡಿಗೆ ಹೊಸ ಪಾಲಿಶ್ ಮಾಡಿಸೋಣ ಅಂತ ಆಚಾರಿಗೆ ಕೊಟ್ಟೆ. ವಾರ ಬಿಟ್ಟು ಹೋದರೆ ಅವರ ಮುಖ ಸಪ್ಪಗಿತ್ತು. ‘ಇದಕ್ಕೆ ಎಂತ ಹಾಕಿದ್ರಿ ಅಣ್ಣಾ? ವಾರ್ನಿಶ್ ಹಿಡಿಯುವುದೇ ಇಲ್ಲ.’ ನೋಡಿದರೆ ಮೀನಿನ ಕಣ್ಣಿನ ಹಾಗೆ ಗುಂಡಗುಂಡಗೆ ಗುಳಿ. ಸಿಲಿಕೋನ್ ಒಮ್ಮೆ ಮರಕ್ಕೆ ಸೇರಿದರೆ ಹೀಗೇ. ಎರಡು ಸಲ ಉಜ್ಜಿ ತೆಗೆದರೂ ಅಂಗೈಯಗಲ ಜಾಗ ಹಾಗೇ ಉಳಿಯಿತು. ಆ ದಿನ ಬಾಟಲಿಯನ್ನು ಕಾಫಿ ಗಿಡದ ಬುಡಕ್ಕೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಎಸೆಯಲಿಲ್ಲ. ಅಮ್ಮನಿಗೆ ಇನ್ಸುಲಿನ್ ಕೊಡುವ ಸಿರಿಂಜ್ ಕಂಡಿತು. ಡಬ್ಬಿಯಿಂದ ಹೊಸದೊಂದು ತೆಗೆದು, ಸೂಜಿ ಮುರಿದು, ಅದರಲ್ಲಿ ಎಣ್ಣೆ ಎಳೆದುಕೊಂಡೆ. ಈಗ ಒಂದು ಹನಿ ಅಂದರೆ ಒಂದೇ ಹನಿ, ಗಾಳಿಯ ತೂತಿಗೆ ಮಾತ್ರ, ಅದೂ ಮೂರು ತಿಂಗಳಿಗೊಮ್ಮೆ. ಆಮೇಲೆ ಗನ್ನನ್ನು ಬಾಯಿ ಮೇಲೆ ಮಾಡಿ ರಾತ್ರಿಯಿಡೀ ಗೋಡೆಗೆ ಒರಗಿಸಿಡುತ್ತೇನೆ. ಹೊರಮೈ ಕಬ್ಬಿಣ ಮಳೆಯಲ್ಲಿ ನೆನೆದರೆ ಡಬ್ಲ್ಯೂಡಿ-40 ಹೊಡೆದು ಒರೆಸುತ್ತೇನೆ. ನೀರು ಓಡಿಸುವುದೇ ಅದರ ಕೆಲಸ, 40ನೇ ಪ್ರಯತ್ನಕ್ಕೆ ಸರಿಯಾದ ಸೂತ್ರ ಅಂತ ಆ ಹೆಸರು. ಒರೆಸಿದ ಮೇಲೆ ತೆಳ್ಳಗೆ ಮಿಷನ್ ಎಣ್ಣೆ. ಇವೆರಡನ್ನೂ ಗಾಳಿಯ ತೂತಿನ ಹತ್ತಿರ ತರುವುದಿಲ್ಲ. ಸ್ಪಂಜು ಇರುವ ಕೇಸ್ ಬಿಟ್ಟೆ, ಅದು ತೇವ ಕುಡಿದು ಕೂರುತ್ತದೆ. ಗನ್ ಈಗ ಅಡುಗೆಮನೆ ಒಲೆಯ ಆಚೆ ಗೋಡೆಗೆ, ಅಜ್ಜನ ಕೋವಿ ತೂಗುತ್ತಿದ್ದ ಅದೇ ಮೊಳೆಗೆ.

ಎಣ್ಣೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಬಾಟಲಿಗೆ ಒಂದು. ಈ ಸಲ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಕೋವಿಗಳ ಪಕ್ಕ ಏರ್‌ಗನ್ನನ್ನೂ ಪೂಜೆಗೆ ಇಟ್ಟಿದ್ದೆವು. ಅಕ್ಕನ ಮಗ ತೋಕ್ ಪೂ (ಹಬ್ಬಕ್ಕೆ ಕೋವಿಗೆ ಮುಡಿಸುವ ಹೂ) ತಂದು ಗನ್ನಿನ ಬಾಯಿಗೆ ಸಿಕ್ಕಿಸಲು ಹೋದ. ಎರಡು ಹೂ ಇಸಿದುಕೊಂಡು ನಾನು ಹಿಡಿಗೆ ಕಟ್ಟಿದೆ, ಸರಿಯಾಗಿ ಆ ವಾರ್ನಿಶ್ ಹಿಡಿಯದ ಜಾಗದ ಮೇಲೆ.