ಬೆಣೆಯ ಬೀಗದ ಉಪಕರಣ ಪೆಟ್ಟಿಗೆ: ಒಂದು ವಿಮರ್ಶೆ

ಜಪಾನಿನ ಬಡಗಿಗಳು ಉಳಿ, ಗರಗಸಗಳನ್ನು ಇಟ್ಟುಕೊಳ್ಳುವ ಸಾಂಪ್ರದಾಯಿಕ ಪೆಟ್ಟಿಗೆಯ ಮಾದರಿಯನ್ನು ಕೊಟ್ಟು, ನಮ್ಮೂರಿನ ಬಡಗಿಯೊಬ್ಬರಿಂದ ಹಲಸಿನ ಹಲಗೆಯಲ್ಲಿ ಅದನ್ನು ಮಾಡಿಸಿಕೊಂಡೆ. ಉದ್ದ 60 ಸೆಂ.ಮೀ., ಹಲಗೆಯ ದಪ್ಪ 18 ಮಿ.ಮೀ.

ಈ ಪೆಟ್ಟಿಗೆಯ ಜಾಣ್ಮೆಯೆಲ್ಲ ಮುಚ್ಚಳದಲ್ಲಿದೆ. ಪೆಟ್ಟಿಗೆಯ ಎರಡೂ ತುದಿಗಳಲ್ಲಿ ಅಡ್ಡಪಟ್ಟಿಗಳಿದ್ದು, ಅವುಗಳಲ್ಲೊಂದು ಅಗಲವಾಗಿರುತ್ತದೆ; ಮುಚ್ಚಳವನ್ನು ಮೊದಲು ಅಗಲ ಪಟ್ಟಿಯ ಕೆಳಗೆ ಪೂರ್ತಿ ತೂರಿಸಿ, ಇನ್ನೊಂದು ತುದಿಯನ್ನು ಒಳಗಿಳಿಸಿ, ಹಿಂದಕ್ಕೆ ಸರಿಸಿದಾಗ ಉಳಿಯುವ ಸಂದಿಗೆ ಬೆಣೆಯೊಂದನ್ನು ಬಡಿದರೆ ಮುಚ್ಚಳ ಅಲುಗಾಡುವುದಿಲ್ಲ. ತಿರುಗಣಿಯೂ ಇಲ್ಲ, ಚಿಲಕವೂ ಇಲ್ಲ. ಜೋಡಣೆಗೆ ಅಂಟಿನ ಬದಲು ಮೊಳೆಗಳನ್ನೇ ಬಳಸಿರುವುದನ್ನು ಕಂಡು ಇದು ಅಗ್ಗದ ಕೆಲಸವೆಂದು ಭಾವಿಸಬೇಕಾಗಿಲ್ಲ: ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಹಲಗೆಗೆ ಮೊಳೆಗಳು ತುಸು ಬಾಗಿ ಎಡೆಗೊಡುತ್ತವೆ, ಬಿಗಿಯಾಗಿ ಅಂಟಿಸಿದ ತಳವಾದರೆ ಸೀಳುವ ಸಂಭವ ಹೆಚ್ಚು.

ಬಡಗಿಯ ಕೈಗೆಲಸ ಅಚ್ಚುಕಟ್ಟಾಗಿದೆ. ಮೇಲ್ಮೈಯನ್ನು ಮರಳುಕಾಗದದಿಂದ ತಿಕ್ಕದೆ ಕೀಸುಳಿಯಿಂದಲೇ ನುಣುಪುಗೊಳಿಸಿರುವುದು ನನಗೆ ವಿಶೇಷವಾಗಿ ಹಿಡಿಸಿತು. ಬೆಣೆ ಮಾತ್ರ ಸ್ವಲ್ಪ ದಪ್ಪವಾಗಿತ್ತು, ಕೇಳಿದಾಗ ಸರಿಪಡಿಸಿಕೊಟ್ಟರು. ದೊಡ್ಡ ಕೊರತೆಯೆಂದರೆ ಭಾರ. ಜಪಾನಿನಲ್ಲಿ ಇಂತಹ ಪೆಟ್ಟಿಗೆಗೆ ದೇವದಾರನ್ನು ಹೋಲುವ ಹಗುರ ಮರ ಬಳಸುವುದುಂಟು. ಹಲಸು ಅದಕ್ಕಿಂತ ತೂಕದ್ದಾದ್ದರಿಂದ, ಉಪಕರಣ ತುಂಬಿದ ಮೇಲೆ ಒಬ್ಬರೇ ಎತ್ತಿ ಮೆಟ್ಟಿಲು ಹತ್ತುವುದು ಪ್ರಯಾಸ. ಒಳಗೆ ವಿಭಾಗಗಳೂ ಇಲ್ಲ, ಆದ್ದರಿಂದ ಹರಿತವಾದ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು. ಒಂದೇ ಕಡೆ ಕುಳಿತು ಕೆಲಸ ಮಾಡುವವರು ಇದನ್ನು ನಿಶ್ಚಿಂತೆಯಿಂದ ಮಾಡಿಸಿಕೊಳ್ಳಬಹುದು. ಊರೂರು ತಿರುಗಿ ಕೆಲಸ ಮಾಡುವವರು ಹಗುರ ಮರವನ್ನೇ ಕೇಳಿ ಪಡೆಯುವುದು ಲೇಸು.