ಕರ್ಪೂರದ ಮಷಿನ್ ತಗೊಳ್ಳೋ ಮುಂಚೆ ಇದನ್ನ ಓದಿ: ಮಷಿನ್ ಬೇರೆಯಂತೆ, ಅದನ್ನು ಓಡಿಸೋ ಸಾಮಾನು ಬೇರೆಯಂತೆ

ಮೈಸೂರು, ಮಂಡ್ಯ ಕಡೆ ಯಾರಾದರೂ ಮನೆಯಲ್ಲೇ ಕರ್ಪೂರದ ಬಿಲ್ಲೆ ಒತ್ತುವ ಮಷಿನ್ ಹಾಕೋಣ ಅಂತಿದ್ದರೆ, ಅಡ್ವಾನ್ಸ್ ಕೊಡೋದಕ್ಕೆ ಮುಂಚೆ ದಯವಿಟ್ಟು ಇದನ್ನು ಓದಿ. ಡೀಲರ್ ಹೆಸರು ಹಾಕುತ್ತಿಲ್ಲ. ದೂರು ಕೊಡೋಕೆ ಹೊರಟಿದ್ದೇನೆ, ಅದಕ್ಕೇ. ಹೆಸರಿಗಿಂತ ಇವರು ಆಡುವ ಆಟ ಗೊತ್ತಾಗೋದು ಮುಖ್ಯ.

ಮೊದಲ ಫೋನ್ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಫೇಸ್‌ಬುಕ್ ಜಾಹೀರಾತಿನ ಕೆಳಗೆ ನಂಬರ್ ಹಾಕಿದರೆ ಸಾಕು, ಟೀ ಆರೋದರೊಳಗೆ ಕರೆ. "ಮಷಿನ್ ನಮ್ಮದು ಮೇಡಂ, ಪುಡಿ ನಮ್ಮದು, ಮಾಲು ವಾಪಸ್ ತಗೊಳ್ಳೋದೂ ನಾವೇ. ನೀವು ಸುಮ್ನೆ ಸ್ವಿಚ್ ಹಾಕಿ ಕೂತ್ಕೊಳ್ಳಿ. ಚಾಮುಂಡಿ ಬೆಟ್ಟ, ನಂಜನಗೂಡು, ಮೇಲುಕೋಟೆ, ಎಲ್ಲಿ ಕರ್ಪೂರ ಖರ್ಚಾಗಲ್ಲ ಹೇಳಿ?" ಖರ್ಚಾಗುತ್ತೆ, ಸುಳ್ಳಲ್ಲ. ದೇವರಾಜ ಮಾರ್ಕೆಟ್‌ನಲ್ಲಿ ಪೂಜೆ ಸಾಮಾನಿನ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಗೊತ್ತಾಗುತ್ತೆ. ಆ ಒಂದು ನಿಜದ ಮೇಲೆ ಇವರು ಹತ್ತು ಸುಳ್ಳು ಪೇರಿಸುತ್ತಾರೆ.

ಅವರ ಗೋಡೌನಿಗೆ ನಾನೂ ನಮ್ಮ ಮನೆಯವರೂ ಹೋದೆವು. ಮಷಿನ್ ಓಡುತ್ತಿತ್ತು. ಹಾಪರ್, ಅಂದರೆ ಪುಡಿ ಸುರಿಯುವ ಡಬ್ಬ, ಅದರಿಂದ ಪುಡಿ ಇಳಿದು ಡೈ, ಅಂದರೆ ಬಿಲ್ಲೆಯ ಅಚ್ಚು, ತುಂಬುತ್ತೆ, ಮೇಲಿನ ಪಂಚ್, ಅಂದರೆ ಒತ್ತುವ ಕಡ್ಡಿ, ಬಂದು ಒತ್ತುತ್ತೆ, ಕೆಳಗಿನ ಪಂಚ್ ಬಿಲ್ಲೆಯನ್ನು ಮೇಲೆತ್ತುತ್ತೆ, ಫೀಡರ್ ಮುಂದೆ ಬಂದು ಅದನ್ನು ತಟ್ಟೆಗೆ ತಳ್ಳಿ ಮತ್ತೆ ಪುಡಿ ತುಂಬುತ್ತೆ. ಒಂದು ಒತ್ತಿಗೆ ನಾಲ್ಕು ಬಿಲ್ಲೆ. ಬಿಳಿ ಬಿಳಿ, ಅಂಚು ನೀಟು. ಒಂದನ್ನು ಹಚ್ಚಿ ತೋರಿಸಿದರು, ಬೂದಿ ಇಲ್ಲ. ನಮ್ಮ ಮನೆಯವರು ಮಷಿನ್ನಿನ ವಿಡಿಯೋ ಮಾಡಿಕೊಂಡರು. ಪುಣ್ಯಕ್ಕೆ.

ಕೊಟೇಶನ್ 85,000. ಅದರಲ್ಲಿ ಬರೆದಿದ್ದು ಇಷ್ಟೇ: ಫೋರ್ ಪಂಚ್ ಮಷಿನ್ ವಿತ್ ಸ್ಟ್ಯಾಂಡರ್ಡ್ ಫಿಟ್ಟಿಂಗ್ಸ್. ಬಳೆ ಅಡ ಇಟ್ಟು 50,000 ಅಡ್ವಾನ್ಸ್ ಕೊಟ್ಟೆವು. ಉಳಿದದ್ದು ಮಷಿನ್ ಮನೆ ಬಾಗಿಲಿಗೆ ಬಂದಾಗ. ಬಂತು. ಆಟೋದವನು ಇಳಿಸೋ ಮುಂಚೆಯೇ ಬಾಕಿ ಹಾಕಿ ಅಂತ ಫೋನು. ಹಾಕದಿದ್ದರೆ ಗಾಡಿ ವಾಪಸ್ ಅಂತೆ. ಬೀದಿಯವರೆಲ್ಲ ನೋಡುತ್ತಾ ನಿಂತಿದ್ದರು. ಹಾಕಿದೆವು.

ಆಮೇಲೆ ಶುರುವಾಯಿತು ನೋಡಿ.

ಮೋಟಾರ್ ತ್ರೀ ಫೇಸ್. ನಮ್ಮ ಮನೆಗಿರೋದು ಸಿಂಗಲ್ ಫೇಸ್, ಇದನ್ನು ಮೊದಲ ದಿನವೇ ಹೇಳಿದ್ದೆ. ಸಿಂಗಲ್ ಫೇಸ್ ಮೋಟಾರ್ ಬೇಕಾದರೆ ಮೇಲೆ 7,000. ಸ್ಟಾರ್ಟರ್ ಬಾಕ್ಸ್ ಬೇರೆ. ಗೋಡೌನಿನಲ್ಲಿ ತೋರಿಸಿದ್ದು ಚಿಕ್ಕ ಬಿಲ್ಲೆಯ ಡೈ, ಬಂದಿದ್ದು ದೊಡ್ಡ ಬಿಲ್ಲೆಯದು. ಚಿಕ್ಕದಕ್ಕೆ ಸೆಟ್ ಒಂದಕ್ಕೆ 9,500. ಅಂಗಡಿಗಳಲ್ಲಿ ಓಡೋದೇ ಚಿಕ್ಕದು ಅಲ್ವಾ? ಫೋನ್ ಮಾಡಿ ಕೇಳಿದರೆ, "ಮೇಡಂ, ಡೈ ಅಂದ್ರೆ ಡೈ. ಸೈಜು ಕೊಟೇಶನ್ನಲ್ಲಿ ಬರೆದಿಲ್ವಲ್ಲ." ಮೋಟಾರಿನ ದುಡ್ಡು ಕೊಟ್ಟೆವು, ಸ್ಟಾರ್ಟರ್ ದುಡ್ಡೂ ಕೊಟ್ಟೆವು. ಅಷ್ಟು ಹಾಕಿದ ಮೇಲೆ ಇಷ್ಟಕ್ಕೆ ನಿಲ್ಲಿಸೋದು ಹೇಗೆ ಹೇಳಿ. ಅವರಿಗೆ ಬೇಕಾಗಿರೋದೂ ಅದೇ.

ಕೂರಿಸೋಕೆ ಒಬ್ಬ ಹುಡುಗ ಬಂದ. ಒಳ್ಳೆ ಮಾತು, ಅಕ್ಕಾ ಅಕ್ಕಾ ಅಂತಲೇ ಕೆಲಸ. ಬೋಲ್ಟ್ ಬಿಗಿದ, ಗ್ರೀಸ್ ಹಾಕಿದ, ಬೆಲ್ಟ್ ಏರಿಸಿದ. ಅವರೇ ಕೊಟ್ಟ 25 ಕೆಜಿ ಪುಡಿಯ ಚೀಲ ಪಕ್ಕದಲ್ಲೇ ಇತ್ತು. ಬಿಚ್ಚಲಿಲ್ಲ. ತನ್ನ ಬ್ಯಾಗಿನಿಂದ ಒಂದು ಕವರ್ ತೆಗೆದು ಅದರ ಪುಡಿಯನ್ನೇ ಹಾಪರಿಗೆ ಸುರಿದ. ಸ್ವಿಚ್ ಹಾಕಿದ. ಟಕ್, ನಾಲ್ಕು. ಟಕ್, ನಾಲ್ಕು. "ಅಕ್ಕಾ, ಕೈಯಲ್ಲಿ ಬಿಲ್ಲೆ ಹಿಡ್ಕೊಂಡು ನಿಂತ್ಕೊಳ್ಳಿ, ಒಂದು ವಿಡಿಯೋ." ನಿಂತೆ. ನಗು ಅಂದ, ನಕ್ಕೆ. ಆಮೇಲೆ ಒಂದು ಚೀಟಿ. ಮಷಿನ್ ಸರಿಯಾಗಿ ಕೂರಿಸಲಾಗಿದೆ, ಸಮಾಧಾನವಾಗಿದೆ ಅಂತ ಇಂಗ್ಲಿಷಿನಲ್ಲಿ. ಸೈನ್ ಹಾಕಿಸಿಕೊಂಡು, ಕಾಫಿ ಕುಡಿದು ಹೋದ.

ಅವನ ಬೈಕ್ ತಿರುವು ದಾಟಿರಲಿಕ್ಕಿಲ್ಲ. ಚೀಲ ಬಿಚ್ಚಿ ನಮ್ಮ ಪುಡಿ ಹಾಕಿದೆ. ಪುಡಿ ಇಳಿಯಲೇ ಇಲ್ಲ. ಹಾಪರಿನ ಬಾಯಲ್ಲಿ ಗಂಟು ಕಟ್ಟಿಕೊಂಡು ನಿಂತಿತು, ಕೆಳಗೆ ಪಂಚ್‌ಗಳು ಖಾಲಿ ಡೈಯನ್ನು ಕುಟ್ಟುತ್ತಿದ್ದವು. ಅಡುಗೆಮನೆಯಿಂದ ಲಟ್ಟಣಿಗೆ ತಂದು ಹಾಪರಿಗೆ ಬಡಿದೆ. ದಬಕ್ ಅಂತ ಇಳಿಯಿತು. ಒಂದು ಬಿಲ್ಲೆ ದಪ್ಪ, ಪಕ್ಕದ್ದು ಬಿಸ್ಕತ್ತಿನಷ್ಟು ತೆಳ್ಳಗೆ. ಇನ್ನೊಂದನ್ನು ಎತ್ತಿದರೆ ಮೇಲಿನ ಪದರ ಪೂರ್ತಿ ಕಳಚಿ ಬೆರಳಿಗೆ ಬಂತು, ಕೆಳಗಿನ ಅರ್ಧ ಡೈ ಮೇಲೇ ಉಳಿಯಿತು. ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಸಂಜೆ ನಮ್ಮ ಮನೆಯವರು ಆ ಹಳೇ ವಿಡಿಯೋ ತೆಗೆದರು. ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಹಾಪರಿನ ಪಕ್ಕ ಒಂದು ಚಿಕ್ಕ ಕಪ್ಪು ಡಬ್ಬಿ, ಅದರಿಂದ ವೈರು. ಹಾಪರ್ ಸಣ್ಣಗೆ ನಡುಗುತ್ತಿದೆ. ವೈಬ್ರೇಟರ್! ಪುಡಿ ನಿಲ್ಲದೆ ಇಳಿಯಲಿ ಅಂತ ಹಾಪರನ್ನು ಅಲುಗಿಸೋದು. ನಮ್ಮ ಮಷಿನ್ನಿನಲ್ಲಿ ಆ ಜಾಗದಲ್ಲಿ ಎರಡು ತೂತು, ಮೇಲೆ ಬಣ್ಣ ಬಳಿದಿದ್ದಾರೆ. ಅಂದರೆ ಬೇಕು ಅಂತ ಇವರಿಗೆ ಗೊತ್ತು. ಬಿಚ್ಚಿಕೊಂಡೇ ಕಳಿಸಿದ್ದಾರೆ. ಆ ಎರಡು ತೂತು ನೋಡಿದಾಗ ನನಗೆ ಆದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅವರ ಉತ್ತರಗಳನ್ನು ಹಾಗೇ ಹಾಕುತ್ತೇನೆ, ನಿಮಗೂ ಇವೇ ಬರುತ್ತವೆ.

"ಅದು ಆಕ್ಸೆಸರಿ ಮೇಡಂ. 6,000 ಆಗುತ್ತೆ."

"ನಿಮ್ಮ ಕಡೆ ಥಂಡಿ ಜಾಸ್ತಿ, ಪುಡಿ ಹಂಗೇ." ನಮ್ಮ ಕಡೆ ಅಂದರೆ? ಅವರ ಗೋಡೌನಿರೋದೂ ಮೈಸೂರಲ್ಲೇ!

"ಪಂಚ್ ಬಿಸಿಯಾಗಿ ಕರ್ಪೂರ ಕರಗ್ತಿದೆ, ಅದಕ್ಕೇ ಅಂಟ್ಕೊಳ್ತಿದೆ. ನಿಲ್ಸಿ ನಿಲ್ಸಿ ಓಡ್ಸಿ."

"ಬೇರೆಯವರೆಲ್ಲ ಆರಾಮಾಗಿ ಮಾಡ್ತಿದ್ದಾರೆ. ನಿಮಗೊಬ್ಬರಿಗೇ ಯಾಕೆ ಸಮಸ್ಯೆ?"

"ನೀವೇ ಸೈನ್ ಮಾಡಿದ್ದೀರಲ್ಲ. ವಿಡಿಯೋದಲ್ಲಿ ನಗ್ತಾ ಇದ್ದೀರಲ್ಲ."

ಕೊನೆಗೆ, "ಮನೇಲಿ ಯಾರಾದ್ರೂ ಗಂಡಸರಿದ್ರೆ ಫೋನ್ ಕೊಡಿ ಮೇಡಂ, ಟೆಕ್ನಿಕಲ್ ವಿಷಯ." ಕೊಡಲಿಲ್ಲ. ಏನು ಅಂದೆ ಅನ್ನೋದನ್ನ ಇಲ್ಲಿ ಬರೆಯೋಕಾಗಲ್ಲ. ಅಲ್ಲಿಂದಾಚೆ ನನ್ನ ಮೆಸೇಜಿಗೆ ನೀಲಿ ಟಿಕ್ ಮಾತ್ರ.

ನಮ್ಮ ದೊಡ್ಡಪ್ಪನ ಮಗ ನಂಜನಗೂಡಿನಲ್ಲಿ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಒತ್ತುವ ಮಷಿನ್ ನೋಡಿಕೊಳ್ಳುತ್ತಿದ್ದವನು. ಬಂದು ನೋಡಿದ. ಅವನ ಪ್ರಕಾರ ಇಂಥ ಎಲ್ಲ ಮಷಿನ್ನಿನ ಜೀವ ಇರೋದು ಎರಡು ಸೆಟ್ಟಿಂಗಿನಲ್ಲಿ. ಕೆಳಗಿನ ಪಂಚ್ ಎಷ್ಟು ಕೆಳಗೆ ನಿಲ್ಲುತ್ತೆ ಅನ್ನೋದರ ಮೇಲೆ ಬಿಲ್ಲೆಯ ತೂಕ. ಮೇಲಿನ ಪಂಚ್ ಎಷ್ಟು ಆಳಕ್ಕೆ ಇಳಿಯುತ್ತೆ ಅನ್ನೋದರ ಮೇಲೆ ಗಟ್ಟಿತನ. ಆದರೆ ಪುಡಿಯೇ ಸಮವಾಗಿ ಇಳಿಯದಿದ್ದರೆ ಯಾವ ಸೆಟ್ಟಿಂಗೂ ಕೆಲಸ ಮಾಡಲ್ಲ. ನಮ್ಮ ಚೀಲದ ಪುಡಿ ಹಿಟ್ಟಿನಂಥ ನುಣುಪು. ಅದರೊಳಗಿನ ಗಾಳಿ ಹೊರಗೆ ಹೋಗೋ ಮುಂಚೆ ಒತ್ತಿದರೆ ಪದರ ಕಳಚುತ್ತೆ. ನಿಧಾನಕ್ಕೆ ಓಡಿಸಬೇಕು. ಓಡಿಸೋಣ ಅಂದರೆ ಈ ಮಷಿನ್ನಿಗೆ ವೇಗ ಕಡಿಮೆ ಮಾಡುವ ವ್ಯವಸ್ಥೆಯೇ ಇಲ್ಲ. ಆ ಹುಡುಗ ತಂದಿದ್ದ ಪುಡಿ ಹರಳು ಹರಳಾಗಿತ್ತು, ಸಕ್ಕರೆ ಸುರಿದಂತೆ ಸರಾಗ ಇಳಿದಿತ್ತು. ಈಗ ಅರ್ಥವಾಯಿತಾ, ಯಾಕೆ ನಮ್ಮ ಚೀಲ ಬಿಚ್ಚಲಿಲ್ಲ ಅಂತ?

ಕರಗೋ ಕತೆ ಕೇಳಿ ಅವನಿಗೆ ನಗು. ಕರ್ಪೂರ ಕರಗೋಕೆ ಸುಮಾರು 175 ಡಿಗ್ರಿ ಶಾಖ ಬೇಕು. ಪಂಚ್ ಮೇಲೆ ಕೈ ಇಟ್ಟರೆ ಬೆಚ್ಚಗೂ ಇರಲಿಲ್ಲ. ಆಮೇಲೆ ಡೈ ಬಿಚ್ಚಿ ಒಳಗೆ ಉಗುರು ಆಡಿಸಿದ. "ಅಕ್ಕ, ನೀನೂ ಮುಟ್ಟು" ಅಂದ. ಬಿಲ್ಲೆ ಕೂರುವ ಮಟ್ಟದಲ್ಲಿ ಸುತ್ತ ಒಂದು ಗೀರು, ಉಗುರಿಗೆ ತಡೆಯುತ್ತೆ. ಸವೆದ ಡೈ. ಎಲ್ಲೋ ಓಡಿ ಓಡಿ ಬಂದಿದ್ದು. ಅದಕ್ಕೇ ಪಂಚ್ ಸಡಿಲ, ಪುಡಿ ಸಂದಿಗೆ ನುಗ್ಗಿ ಬಿಲ್ಲೆಯ ಅಂಚಿಗೆ ಸಿಪ್ಪೆ ಏಳುತ್ತಿತ್ತು. ಹೊಸದು ಅಂತ ಬಿಲ್ ಮಾಡಿದ್ದಾರೆ!

ವಾಪಸ್ ಖರೀದಿ? ಆರಿಸಿ ಆರಿಸಿ ಒಳ್ಳೆ ಬಿಲ್ಲೆ ರಟ್ಟಿನ ಡಬ್ಬದಲ್ಲಿ ತುಂಬಿ ಕಳಿಸಿದೆ. ತುಂಬ ದಿನ ಅಲ್ಲೇ ಇಟ್ಟುಕೊಂಡು, ತೂಕ ಏರುಪೇರು, ರಿಜೆಕ್ಟ್ ಅಂತ ವಾಪಸ್ ಕಳಿಸಿದರು. ಬಂದಾಗ ತೂಗಿದರೆ ತೂಕ ಇನ್ನೂ ಕಡಿಮೆ. ಕರ್ಪೂರ ಗಾಳಿಗೆ ಬಿಟ್ಟರೆ ತಾನಾಗೇ ಆವಿಯಾಗುತ್ತೆ, ಬಿಗಿ ಪ್ಯಾಕ್ ಮಾಡಲೇಬೇಕು. ಪ್ಯಾಕಿಂಗ್ ಮಷಿನ್ನೂ ಆಕ್ಸೆಸರಿಯಂತೆ, ಕೇಳೋದೇ ಬೇಡ. ಇನ್ನು ಇದು ಬೇಗ ಬೆಂಕಿ ಹತ್ತುವ ವಸ್ತು. ಪುಡಿ ಹಾರೋ ಕೋಣೆಯಲ್ಲಿ ದೀಪ, ಒಲೆ, ಕಿಡಿ ಹಾರೋ ಸ್ವಿಚ್ ಯಾವುದೂ ಇರಬಾರದು, ಗಾಳಿ ಆಡಬೇಕು ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ದೇವರ ಕೋಣೆ ಪಕ್ಕದಲ್ಲೇ ಕೂರಿಸಿ ಹೋಗಿದ್ದಾನೆ ಆ ಹುಡುಗ!

ಕಾಗದಪತ್ರದ್ದೂ ಹೇಳಿಬಿಡುತ್ತೇನೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಮಾಡಿಸಿಕೊಡ್ತೀವಿ ಅಂತ 3,000 ತಗೊಂಡರು. ಸರ್ಕಾರದ ವೆಬ್‌ಸೈಟಿನಲ್ಲಿ ಅದು ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ನಾವೇ ಮಾಡಬಹುದು. "ಪಿಎಂಇಜಿಪಿ ಸಬ್ಸಿಡಿ 35 ಪರ್ಸೆಂಟ್ ಬರುತ್ತೆ, ಮೊದಲು ಮಷಿನ್ ತಗೊಳ್ಳಿ" ಅಂದರು. ಅದು ಸ್ವಂತ ಉದ್ಯೋಗ ಶುರುಮಾಡೋರಿಗೆ ಕೇಂದ್ರ ಸರ್ಕಾರದ ಯೋಜನೆ; ಅದರಲ್ಲಿ ಸಬ್ಸಿಡಿ 15ರಿಂದ 35 ಪರ್ಸೆಂಟ್, ನೀವು ಯಾವ ವರ್ಗ, ಹಳ್ಳಿಯೋ ಪಟ್ಟಣವೋ ಅನ್ನೋದರ ಮೇಲೆ. ಅದು ಬ್ಯಾಂಕ್ ಸಾಲದ ಜೊತೆ ಬರೋದು, ಅದೂ ಹೊಸದಾಗಿ ಶುರುಮಾಡುವ ಘಟಕಕ್ಕೆ. ಮೊದಲೇ ಕೈಯಿಂದ ದುಡ್ಡು ಕೊಟ್ಟು ಮಷಿನ್ ತಂದು ಓಡಿಸಿಕೊಂಡರೆ ಆ ಬಾಗಿಲು ಮುಚ್ಚಿತು ಅಂತಲೇ. ಡೀಲರಿಗೆ ಇದು ಗೊತ್ತಿರಲಿಲ್ಲ ಅಂತ ನನಗೆ ಯಾರೂ ಹೇಳಬೇಡಿ.

ಹಾಗಾಗಿ, ತಗೊಳ್ಳಲೇಬೇಕು ಅಂತಿದ್ದರೆ: ಡೈ ಸೈಜು, ಎಷ್ಟು ಸೆಟ್, ಮೋಟಾರ್ ಯಾವ ಫೇಸ್, ಸ್ಟಾರ್ಟರ್, ವೈಬ್ರೇಟರ್, ಎಲ್ಲವನ್ನೂ ಕೊಟೇಶನ್ನಿನಲ್ಲಿ ಹೆಸರು ಹಿಡಿದು ಬರೆಸಿ. ಸ್ಟ್ಯಾಂಡರ್ಡ್ ಫಿಟ್ಟಿಂಗ್ಸ್ ಅಂದರೆ ಏನೂ ಇಲ್ಲ ಅಂತ ಅರ್ಥ. ನಿಮಗೆ ಕೊಡುವ ಚೀಲವನ್ನೇ ಬಿಚ್ಚಿಸಿ ಗಂಟೆಗಟ್ಟಲೆ ಓಡಿಸಿ, ಬಿಲ್ಲೆ ತೂಗಿ, ಆಮೇಲೆ ಸೈನ್. ಬಾಕಿ ದುಡ್ಡೂ ಆಮೇಲೇ. ವಿಡಿಯೋಗೆ ನಗಬೇಡಿ.

ವ್ಯಾಪಾರಕ್ಕೆ ತಗೊಂಡ ಮಷಿನ್ನಿಗೆ ಗ್ರಾಹಕರ ಕೋರ್ಟ್ ಇಲ್ಲ ಅಂತ ಡೀಲರ್ ಹೆದರಿಸಿದರು. ಅದೂ ಅರ್ಧ ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯೋಕಷ್ಟೇ ತಗೊಂಡಿದ್ದರೆ ನೀವೂ ಗ್ರಾಹಕರೇ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಸಹಾಯವಾಣಿ 1915.

ಲಾಯರ್ ನೋಟಿಸ್ ತಲುಪಿದ ಮೇಲೆ ಮೊನ್ನೆ ಒಂದು ಮೆಸೇಜ್ ಬಂತು. ಇಷ್ಟು ದಿನ ಮೇಡಂ, ಈಗ ಅಕ್ಕ. "ಅಕ್ಕ, ಮಷಿನ್ ವಾಪಸ್ ಕೊಡಿ, 30,000 ಹಾಕ್ತೀವಿ. ಆದ್ರೆ ಡೈ ಸೆಟ್ ಮೊದಲು ಕಳ್ಸಿ." ಡೈ ಸೆಟ್ ಮೊದಲು ಯಾಕೆ ಬೇಕು ಅಂತ ನನಗೆ ಚೆನ್ನಾಗಿ ಗೊತ್ತು. ಕಳಿಸಲ್ಲ. ನಿಮ್ಮಲ್ಲಿ ಯಾರಿಗಾದರೂ ಹಾಪರ್ ಪಕ್ಕ ಎರಡು ತೂತಿಗೆ ಬಣ್ಣ ಬಳಿದ ಮಷಿನ್ ಬಂದಿದ್ದರೆ ನನಗೆ ಮೆಸೇಜ್ ಮಾಡಿ, ದೂರಿನಲ್ಲಿ ನಿಮ್ಮ ಫೋಟೋಗಳನ್ನೂ ಸೇರಿಸೋಣ.