ಸಂಯುಕ್ತ ಸೂಕ್ಷ್ಮದರ್ಶಕವೋ, ಸ್ಟೀರಿಯೊ ಸೂಕ್ಷ್ಮದರ್ಶಕವೋ?

ಮುಂಬೈಯ ಮಾಟುಂಗಾ, ಮುಲುಂಡ್‌ಗಳ ಕನ್ನಡ ಮನೆಗಳಲ್ಲಿ ಮಕ್ಕಳಿಗಾಗಿ ಸೂಕ್ಷ್ಮದರ್ಶಕ ಕೊಳ್ಳಹೊರಟವರು ಅದರಲ್ಲಿ ಏನನ್ನು ನೋಡಬೇಕೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಈರುಳ್ಳಿ ಪೊರೆಯ ಜೀವಕೋಶಗಳಿಗೆ, ಕೆರೆನೀರಿನ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗೆ 40ರಿಂದ 1000 ಪಟ್ಟು ಹಿಗ್ಗಿಸಿ ತೋರಿಸುವ ಸಂಯುಕ್ತ ಸೂಕ್ಷ್ಮದರ್ಶಕವೇ ಬೇಕು; 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ (ಕಾರ್ಕ್) ಕೋಶಗಳನ್ನು ವರ್ಣಿಸಿದ್ದು ಇದೇ ಜಾತಿಯ ಉಪಕರಣದಿಂದ. ಆದರೆ ಇದಕ್ಕೆ ಬೆಳಕು ಹಾಯುವಷ್ಟು ತೆಳುವಾದ ವಸ್ತುವನ್ನು ಗಾಜಿನ ಸ್ಲೈಡಿನ ಮೇಲೆ ಸಿದ್ಧಪಡಿಸಿಕೊಳ್ಳಬೇಕು. ಕಾಣುವ ಬಿಂಬವೂ ತಲೆಕೆಳಗು. ಜುಹೂವಿನ ಮರಳು, ಚಿಪ್ಪು, ಇರುವೆಗಳನ್ನು ಇದ್ದಂತೆಯೇ, ಉಬ್ಬುತಗ್ಗುಗಳೊಂದಿಗೆ ತೋರಿಸುವುದು 10ರಿಂದ 40 ಪಟ್ಟು ಹಿಗ್ಗಿಸುವ, ಎರಡೂ ಕಣ್ಣುಗಳಿಂದ ನೋಡುವ ಸ್ಟೀರಿಯೊ ಸೂಕ್ಷ್ಮದರ್ಶಕ. ಪ್ರಾಥಮಿಕ ಶಾಲೆಯ ಮಗುವಿಗೆ ನಾನಾದರೆ ಇದನ್ನೇ ಆರಿಸುವೆನು. 2000 ಪಟ್ಟು ಎಂಬ ಜಾಹೀರಾತಿಗೆ ಮರುಳಾಗಬಾರದು: ಗೋಚರ ಬೆಳಕಿನಲ್ಲಿ ಸುಮಾರು 0.2 ಮೈಕ್ರೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳು ಬೇರೆಬೇರೆಯಾಗಿ ಕಾಣವು; ಆದ್ದರಿಂದ ಅಷ್ಟು ಹಿಗ್ಗಿಸಿದರೂ ಹೊಸ ವಿವರವೇನೂ ಸಿಗದು. ಮುಂಬೈ ಮಳೆಗಾಲದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುವುದರಿಂದ, ಯಾವುದನ್ನು ಕೊಂಡರೂ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು.